ಆ ನೀರು ಕೊನೆಗೆ ಎಲ್ಲಿ ಬೀಳುತ್ತದೆ?

ತೀರ್ಥಹಳ್ಳಿಯ ಸಮೀಪದ ಒಂದು ಊರು. 2019ರ ಮಾರ್ಚ್ ತಿಂಗಳ ಒಂದು ಭಾನುವಾರ ಸಂಜೆ ಏಳೂವರೆ ಗಂಟೆ. ಜಗಲಿಯ ಮೇಲೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನು ಪಕ್ಕಕ್ಕೆ ಸರಿಸಿ, ಮೊಬೈಲ್ ಫೋನನ್ನು ಒಂದು ತಂಬಿಗೆಗೆ ಒರಗಿಸಿ, ಅರವತ್ತೆಂಟು ವರ್ಷದ ನಿವೃತ್ತ ಗಾರೆ ಮೇಸ್ತ್ರಿಯೊಬ್ಬರು ಕನ್ನಡಕ ಏರಿಸಿಕೊಂಡು ಕುಳಿತಿದ್ದರು. ಫೋನಿನ ಆ ತುದಿಯಲ್ಲಿ, ಇಂಗ್ಲೆಂಡಿನ ಲೀಡ್ಸ್ ನಗರದ ಒಂದು ಬಾಡಿಗೆ ಮನೆಯಲ್ಲಿ, ಅವರ ಮಗಳು ಊಟದ ಮೇಜಿನ ಮೇಲೆ ದೊಡ್ಡ ಹಾಳೆಗಳನ್ನು ಹರಡಿಕೊಂಡಿದ್ದಳು. ಅಲ್ಲಿ ಆಗ ಮಧ್ಯಾಹ್ನ ಎರಡು ಗಂಟೆ.

"ಅಪ್ಪಾ, ಹದಿನೈದು ನಿಮಿಷ ಸುಮ್ಮನೆ ಕೇಳಬೇಕು. ಮಧ್ಯೆ ಮಾತಾಡಬಾರದು. ಮುಗಿದ ಮೇಲೆ ಏನು ಬೇಕಾದರೂ ಕೇಳು" ಎಂದಳು ಮಗಳು.

"ಆಯ್ತು ಮಗಾ, ಹೇಳು. ನನಗೆ ಇಂಗ್ಲಿಷ್ ಬರೋದಿಲ್ಲ ಅನ್ನೋದು ನೆನಪಿರಲಿ" ಎಂದರು ಅಪ್ಪ.

"ಅದಕ್ಕೇ ನಿನಗೆ ಹೇಳ್ತಿರೋದು."

ಆಕೆ ಸಿವಿಲ್ ಎಂಜಿನಿಯರ್. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಓದಿದವಳು. ಸಿಇಟಿಯಲ್ಲಿ ಸೀಟು ಪಡೆದು ಬಿ.ಇ. ಮುಗಿಸಿ, ಬೆಂಗಳೂರಿನಲ್ಲಿ ಎರಡು ವರ್ಷ ದುಡಿದು, ಸಾಲ ಮಾಡಿ ಇಂಗ್ಲೆಂಡಿಗೆ ಹೋಗಿ ಎಂ.ಎಸ್ಸಿ. ಮಾಡಿದ್ದಳು. ಅಲ್ಲಿಯೇ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿ ಆರು ವರ್ಷವಾಗಿತ್ತು. ಈಗ ಆಕೆಯ ಮುಂದಿದ್ದದ್ದು 'ಚಾರ್ಟರ್ಡ್ ಎಂಜಿನಿಯರ್' ಎಂಬ ನೋಂದಣಿಗಾಗಿ ನಡೆಯುವ ಸಂದರ್ಶನ. ಹಿಂದಿನ ಅಕ್ಟೋಬರಿನಲ್ಲಿ ಅದೇ ಸಂದರ್ಶನಕ್ಕೆ ಹೋಗಿ ಆಕೆ ಅನುತ್ತೀರ್ಣಳಾಗಿದ್ದಳು. ಆ ವಿಷಯ ಊರಿನಲ್ಲಿ ತಂದೆ ತಾಯಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

ಪದವಿ ಪಡೆದವರೆಲ್ಲ ಎಂಜಿನಿಯರುಗಳೇ ಅಲ್ಲವೆ, ಮತ್ತೆ ಈ ನೋಂದಣಿ ಏಕೆ ಎಂಬ ಪ್ರಶ್ನೆ ನಮ್ಮ ವಿದ್ಯಾರ್ಥಿಗಳಿಗೂ ಪಾಲಕರಿಗೂ ಬರುವುದು ಸಹಜ. ಬ್ರಿಟನ್ನಿನಲ್ಲಿ 'ಎಂಜಿನಿಯರ್' ಎಂಬ ಪದವನ್ನು ಯಾರು ಬೇಕಾದರೂ ಬಳಸಬಹುದು. ಯಂತ್ರ ರಿಪೇರಿ ಮಾಡುವವರೂ ತಮ್ಮನ್ನು ಹಾಗೆ ಕರೆದುಕೊಳ್ಳುತ್ತಾರೆ. ಆದರೆ 'ಚಾರ್ಟರ್ಡ್ ಎಂಜಿನಿಯರ್' ಎಂದು ಹೆಸರಿನ ಮುಂದೆ ಬರೆದುಕೊಳ್ಳಬೇಕಾದರೆ 1981ರಲ್ಲಿ ಸ್ಥಾಪನೆಯಾದ ಎಂಜಿನಿಯರಿಂಗ್ ಕೌನ್ಸಿಲ್‌ನ ಪಟ್ಟಿಯಲ್ಲಿ ಹೆಸರು ಸೇರಬೇಕು. ಅರ್ಹರು ಯಾರು ಎಂದು ಪರೀಕ್ಷಿಸಿ ಹೇಳುವ ಹೊಣೆ ಆಯಾ ವಿಭಾಗದ ವೃತ್ತಿಸಂಸ್ಥೆಗಳದು. ಸಿವಿಲ್ ವಿಭಾಗಕ್ಕೆ ಲಂಡನ್ನಿನ ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಎಂಜಿನಿಯರ್ಸ್ ಇದೆ. 1818ರಲ್ಲಿ ಕೆಲವು ತರುಣ ಎಂಜಿನಿಯರುಗಳು ಒಂದು ಕಾಫಿ ಹೋಟೆಲಿನಲ್ಲಿ ಸೇರಿ ಕಟ್ಟಿದ ಸಂಸ್ಥೆ ಇದು. 1820ರಲ್ಲಿ ಇದರ ಮೊದಲ ಅಧ್ಯಕ್ಷನಾದ ಥಾಮಸ್ ಟೆಲ್‌ಫೋರ್ಡ್ ಕುರಿ ಕಾಯುವವನ ಮಗ. ಹದಿನಾಲ್ಕನೆಯ ವಯಸ್ಸಿನಲ್ಲಿ ಕಲ್ಲುಕುಟಿಗನ ಬಳಿ ಕೆಲಸ ಕಲಿಯಲು ಸೇರಿ, ಮುಂದೆ ರಸ್ತೆ, ಕಾಲುವೆ, ಸೇತುವೆಗಳನ್ನು ಕಟ್ಟಿ ಹೆಸರಾದವನು. ಸಂಸ್ಥೆಗೆ ರಾಜಮನ್ನಣೆಯ ಸನ್ನದು ಸಿಕ್ಕಿದ್ದು 1828ರಲ್ಲಿ. 'ಚಾರ್ಟರ್' ಎಂದರೆ ಈ ಸನ್ನದೇ. ನಮ್ಮಲ್ಲೂ 1920ರಲ್ಲಿ ಆರಂಭವಾಗಿ 1935ರಲ್ಲಿ ಇಂಥದೇ ಸನ್ನದು ಪಡೆದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ (ಇಂಡಿಯಾ) ಇದೆ. ಅದೂ ಚಾರ್ಟರ್ಡ್ ಎಂಜಿನಿಯರ್ ಎಂಬ ಮಾನ್ಯತೆ ನೀಡುತ್ತದೆ.

ಇಷ್ಟೆಲ್ಲ ಏರ್ಪಾಡು ಏಕೆ ಬೇಕು ಎಂಬುದಕ್ಕೆ ಚರಿತ್ರೆಯೇ ಉತ್ತರ ಹೇಳುತ್ತದೆ. 1879ರ ಡಿಸೆಂಬರ್ 28ರ ರಾತ್ರಿ ಸ್ಕಾಟ್ಲೆಂಡಿನ ಟೇ ನದಿಯ ಮೇಲಿನ ರೈಲ್ವೆ ಸೇತುವೆ ಬಿರುಗಾಳಿಗೆ ಮುರಿದು ಬಿತ್ತು. ಮೇಲೆ ಹೋಗುತ್ತಿದ್ದ ರೈಲು ನದಿಗೆ ಉರುಳಿತು. ರೈಲಿನಲ್ಲಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಸೇತುವೆ ಬಳಕೆಗೆ ಬಂದು ಎರಡು ವರ್ಷವೂ ಆಗಿರಲಿಲ್ಲ. ಗಾಳಿಯ ಒತ್ತಡಕ್ಕೆಂದು ವಿನ್ಯಾಸದಲ್ಲಿ ಪ್ರತ್ಯೇಕ ಲೆಕ್ಕ ಇಟ್ಟಿರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಿತ್ತು. ಅದನ್ನು ವಿನ್ಯಾಸ ಮಾಡಿದ ಥಾಮಸ್ ಬೌಚ್ ಅದೇ ಸೇತುವೆಗಾಗಿ 'ಸರ್' ಪದವಿ ಪಡೆದಿದ್ದವರು. ಮರುವರ್ಷವೇ ಅವರು ತೀರಿಕೊಂಡರು. ವೈದ್ಯನ ತಪ್ಪಿಗೆ ಒಬ್ಬ ರೋಗಿ ಬಲಿಯಾದರೆ ಎಂಜಿನಿಯರನ ತಪ್ಪಿಗೆ ಒಂದು ರೈಲೇ ಬಲಿಯಾಗಬಹುದು. ಆದ್ದರಿಂದ ಪುಸ್ತಕ ಓದಿ ಪದವಿ ಪಡೆದರೆ ಸಾಲದು, ಹೊಣೆ ಹೊರಬಲ್ಲ ವ್ಯಕ್ತಿ ಹೌದೇ ಎಂಬುದನ್ನು ಅನುಭವಿಗಳು ಎದುರು ಕೂರಿಸಿಕೊಂಡು ನೋಡಬೇಕು ಎಂಬುದು ಈ ಸಂದರ್ಶನದ ಹಿಂದಿನ ಆಲೋಚನೆ.

ಸಂದರ್ಶನದ ಕ್ರಮ ಹೀಗೆ. ಅಭ್ಯರ್ಥಿ ತನ್ನ ಕೆಲಸದ ಬಗ್ಗೆ ಸುಮಾರು ಐದು ಸಾವಿರ ಪದಗಳ ವರದಿಯನ್ನು ಮೊದಲೇ ಕಳಿಸಬೇಕು. ಇಬ್ಬರು ಹಿರಿಯ ಎಂಜಿನಿಯರುಗಳು ಅದನ್ನು ಓದಿಕೊಂಡು ಬರುತ್ತಾರೆ. ಆ ದಿನ ಅಭ್ಯರ್ಥಿ ಹದಿನೈದು ನಿಮಿಷ ತನ್ನ ಒಂದು ಕೆಲಸವನ್ನು ಅವರಿಗೆ ವಿವರಿಸಬೇಕು. ಆಮೇಲೆ ಸುಮಾರು ಒಂದು ಗಂಟೆ ಪ್ರಶ್ನೋತ್ತರ. ತಾಂತ್ರಿಕ ತಿಳಿವಳಿಕೆ, ನಾಯಕತ್ವ, ಹಣಕಾಸಿನ ಅರಿವು, ಕೆಲಸಗಾರರ ಸುರಕ್ಷತೆ, ಪರಿಸರ, ಮಾತುಗಾರಿಕೆ, ವೃತ್ತಿನಿಷ್ಠೆ, ಹೀಗೆ ಏಳು ಗುಣಗಳನ್ನು ಅವರು ಹುಡುಕುತ್ತಾರೆ. ಯಾವುದಾದರೂ ಒಂದು ಕಾಣದಿದ್ದರೂ ಅಭ್ಯರ್ಥಿ ಮತ್ತೆ ಬರಬೇಕಾಗುತ್ತದೆ.

ಆಕೆ ಆರಿಸಿಕೊಂಡದ್ದು ಒಂದು ತಡೆಗೋಡೆ. ಲೀಡ್ಸ್‌ನ ಪಶ್ಚಿಮಕ್ಕೆ ಕಾಲ್ಡರ್ ನದಿಯ ಕಣಿವೆ ಇದೆ. ಕಡಿದಾದ ಗುಡ್ಡ, ಕೆಳಗೆ ನದಿ, ನಡುವೆ ರಸ್ತೆ. ನೋಡಿದರೆ ನಮ್ಮ ಆಗುಂಬೆ ಕಡೆಯ ನೆನಪಾಗುತ್ತದೆ ಎಂದು ಆಕೆ ಮನೆಗೆ ಹೇಳಿದ್ದಳು. 2015ರ ಕ್ರಿಸ್ಮಸ್ ಮರುದಿನ ಆ ಕಣಿವೆಯಲ್ಲಿ ಭಾರೀ ಪ್ರವಾಹ ಬಂದಿತ್ತು. ಆ ನಂತರ ಅಲ್ಲಿ ದುರಸ್ತಿಯ ಕೆಲಸಗಳು ನಡೆದವು. ಅಂಥದರಲ್ಲಿ ಒಂದು ರಸ್ತೆಯ ಪಕ್ಕದ ಧರೆ ಜಾರದಂತೆ ಮೂರು ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ ಕಟ್ಟುವ ಕೆಲಸ ಆಕೆಯ ಪಾಲಿಗೆ ಬಂದಿತ್ತು.

ಮೊದಲ ಸಲ, ಅಕ್ಟೋಬರಿನಲ್ಲಿ, ಆಕೆ ತಯಾರಿ ಮಾಡಿಕೊಂಡಿರಲಿಲ್ಲ ಎಂದಲ್ಲ. ವಿಪರೀತ ಮಾಡಿಕೊಂಡಿದ್ದಳು. ಇಪ್ಪತ್ತನಾಲ್ಕು ಹಾಳೆಗಳು, ಒಂದೊಂದರಲ್ಲೂ ಬಣ್ಣದ ಚಿತ್ರ, ಸೂತ್ರ, ಕೋಷ್ಟಕ. ಭಾಷಣವನ್ನು ಪೂರ್ತಿ ಬಾಯಿಪಾಠ ಮಾಡಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಸಮಾಜ ವಿಜ್ಞಾನದ ಪ್ರಶ್ನೋತ್ತರಗಳನ್ನು ಉರು ಹೊಡೆದು ಅಂಕ ಗಳಿಸಿದ ಹಾಗೆ ಇಲ್ಲಿಯೂ ಆಗುತ್ತದೆ ಎಂಬ ನಂಬಿಕೆ. ಹದಿನೈದು ನಿಮಿಷ ಮುಗಿದಾಗ ಆಕೆ ಹದಿನಾರನೆಯ ಹಾಳೆಯಲ್ಲಿದ್ದಳು. ಉಳಿದದ್ದನ್ನು ನುಂಗಿಕೊಂಡಳು. ಆಮೇಲಿನ ಪ್ರಶ್ನೆಗಳಿಗೆ ಆಕೆಯ ಉತ್ತರವೆಲ್ಲ "ನಾವು ಹೀಗೆ ನಿರ್ಧರಿಸಿದೆವು", "ನಮ್ಮ ತಂಡ ಹಾಗೆ ಮಾಡಿತು" ಎಂದೇ ಇತ್ತು. ಕೆಲವು ವಾರಗಳ ನಂತರ ಬಂದ ಪತ್ರದಲ್ಲಿ ಸಾರಾಂಶ ಇಷ್ಟೇ: ಯೋಜನೆ ಚೆನ್ನಾಗಿದೆ, ಆದರೆ ಅದರಲ್ಲಿ ಅಭ್ಯರ್ಥಿಯ ಸ್ವಂತ ಹೊಣೆ ಯಾವುದು ಎಂಬುದು ಸ್ಪಷ್ಟವಾಗಲಿಲ್ಲ.

'ನಾನು' ಎನ್ನಬಾರದು, 'ನಾವು' ಎನ್ನಬೇಕು ಎಂದೇ ಬೆಳೆದ ಹುಡುಗಿ ಆಕೆ. ಹಿರಿಯರ ಮುಂದೆ ನಾನು ಮಾಡಿದೆ ಎಂದರೆ ಜಂಬ ಎಂದುಕೊಳ್ಳುತ್ತಾರೆ ಎಂಬ ಭಯ. ಅದು ಒಂದು ಕಾರಣ. ಇನ್ನೊಂದು ಕಾರಣ ಆಕೆಗೆ ಮಾತ್ರ ಗೊತ್ತಿತ್ತು. ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ.

ಅಂದು ಭಾನುವಾರ ಆಕೆ ಅಪ್ಪನಿಗೆ ಕನ್ನಡದಲ್ಲಿ ವಿವರಿಸತೊಡಗಿದಳು. ಮೊದಲ ಎರಡು ನಿಮಿಷದಲ್ಲೇ ತೊಡಕು ಶುರುವಾಯಿತು. ಇಂಗ್ಲಿಷಿನಲ್ಲಿ ಸಲೀಸಾಗಿ ಬರುತ್ತಿದ್ದ ದೊಡ್ಡ ಪದಗಳು ಕನ್ನಡದಲ್ಲಿ ಬರಲಿಲ್ಲ. ಬಂದರೂ ಅಪ್ಪನಿಗೆ ತಿಳಿಯುವಂತಿರಲಿಲ್ಲ. ಪದವನ್ನು ಬಿಟ್ಟು ವಿಷಯವನ್ನು ಹೇಳಬೇಕಾಯಿತು. "ಗುಡ್ಡದ ಮಣ್ಣು ಗೋಡೆಯನ್ನು ಹಿಂದಿನಿಂದ ನೂಕ್ತದೆ ಅಪ್ಪಾ. ಮಣ್ಣಿಗಿಂತ ನೀರು ಇನ್ನೂ ಜೋರಾಗಿ ನೂಕ್ತದೆ" ಎಂದಳು. ಅಪ್ಪ ತಲೆಯಾಡಿಸಿದರು.

ಇಲ್ಲಿರುವ ಲೆಕ್ಕ ಪಿಯುಸಿ ವಿದ್ಯಾರ್ಥಿಗಳೂ ಮಾಡಬಹುದಾದದ್ದು. ದ್ರವದ ಒತ್ತಡ ಆಳಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗೋಡೆಯ ತುದಿಯಲ್ಲಿ ಸೊನ್ನೆ, ಬುಡದಲ್ಲಿ ಗರಿಷ್ಠ. ಮೂರು ಮೀಟರ್ ಎತ್ತರದ ಗೋಡೆಯ ಹಿಂದೆ ಒಣ ಮರಳುಮಣ್ಣು ಇದ್ದರೆ ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಬೀಳುವ ನೂಕುಬಲ ಸುಮಾರು 27 ಕಿಲೋನ್ಯೂಟನ್, ಅಂದರೆ ಎರಡೂ ಮುಕ್ಕಾಲು ಟನ್ನಿನಷ್ಟು. ಅದೇ ಮಣ್ಣಿನಲ್ಲಿ ಬುಡದಿಂದ ತುದಿಯವರೆಗೆ ನೀರು ನಿಂತರೆ, ನೀರೊಂದೇ 44 ಕಿಲೋನ್ಯೂಟನ್‌ನಷ್ಟು ನೂಕುತ್ತದೆ. ನೀರಿನಲ್ಲಿ ಮುಳುಗಿದ ಮಣ್ಣಿನ ತೂಕ ಆರ್ಕಿಮಿಡೀಸನ ತತ್ವದಂತೆ ಕಡಿಮೆಯಾಗುವುದರಿಂದ ಮಣ್ಣಿನ ಪಾಲು 15ಕ್ಕೆ ಇಳಿಯುತ್ತದೆ. ಒಟ್ಟು 59. ಅಂದರೆ ಒಣಗಿದ್ದಾಗಿನ ಎರಡು ಪಟ್ಟಿಗೂ ಹೆಚ್ಚು. ಮಳೆಗಾಲದಲ್ಲಿಯೇ ಗೋಡೆಗಳು ಬೀಳುವುದೇಕೆ ಎಂಬುದರ ಗುಟ್ಟು ಇದು. ಆದ್ದರಿಂದ ಗೋಡೆಯನ್ನು ದಪ್ಪ ಮಾಡುವುದಕ್ಕಿಂತ ಹಿಂದಿನ ನೀರನ್ನು ಹೊರಗೆ ಬಿಡುವುದು ಜಾಣತನ. ಅದಕ್ಕಾಗಿ ಗೋಡೆಯ ಹಿಂದೆ ಜಲ್ಲಿಯ ಪದರ ತುಂಬಿ, ಬುಡದಲ್ಲಿ ತೂತುಗಳಿರುವ ಕೊಳವೆ ಇಟ್ಟು, ನೀರನ್ನು ಹತ್ತಿರದ ಚರಂಡಿಗೆ ಒಯ್ಯುತ್ತಾರೆ.

ಮಗಳ ವಿವರಣೆ ಮುಗಿಯಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ಅಮ್ಮ ಒಳಗಿನಿಂದ ಬಂದು, "ಇಷ್ಟು ಉದ್ದ ಹೇಳಿದರೆ ಅವರಿಗೂ ನಿದ್ದೆ ಬರ್ತದೆ" ಎಂದು ಹೇಳಿ ಹೋದರು. ಅಪ್ಪ ಮಾತ್ರ ಹಾಳೆಯೊಂದನ್ನು ಮತ್ತೆ ತೋರಿಸಲು ಹೇಳಿದರು. ಗೋಡೆಯ ಅಡ್ಡಕೊಯ್ತದ ಚಿತ್ರ ಅದು. ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಜಲ್ಲಿ ಹಾಕಿದ್ದೀ, ಪೈಪು ಇಟ್ಟಿದ್ದೀ. ಸರಿ. ಆ ಪೈಪಿನ ನೀರು ಕೊನೆಗೆ ಎಲ್ಲಿ ಬೀಳ್ತದೆ?"

ಮಗಳು ಕೂಡಲೇ ಉತ್ತರಿಸಲಿಲ್ಲ. ಫೋನ್ ಕಟ್ಟಾಯಿತೇನೋ ಎಂದು ಅಪ್ಪ ಎರಡು ಸಲ "ಹಲೋ" ಎಂದರು.

ಆಕೆ ಮುಚ್ಚಿಟ್ಟುಕೊಂಡಿದ್ದ ಕಾರಣ ಅದೇ ಆಗಿತ್ತು. ಆಕೆ ಮೊದಲು ಮಾಡಿದ ನಕ್ಷೆಯಲ್ಲಿ ಆ ಕೊಳವೆಯ ಬಾಯಿ, ರಸ್ತೆ ಬದಿಯ ಹಳೆಯ ಚರಂಡಿ ಗುಂಡಿಯಿಂದ ನೀರು ಹೊರಹೋಗುವ ಮಟ್ಟಕ್ಕಿಂತ ಹದಿನೆಂಟು ಸೆಂಟಿಮೀಟರ್ ಕೆಳಗಿತ್ತು. ನೀರು ಮೇಲಕ್ಕೆ ಹತ್ತುವುದಿಲ್ಲ. ಹಾಗೆಯೇ ಕಟ್ಟಿದ್ದರೆ ಗೋಡೆಯ ಹಿಂದೆ ನೀರು ನಿಲ್ಲುತ್ತಿತ್ತು, ಹೂಳು ತುಂಬಿ ಕ್ರಮೇಣ ಕೊಳವೆಯೇ ಮುಚ್ಚಿಹೋಗುತ್ತಿತ್ತು. ಹೊರಗೆ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಗೋಡೆ ಕೆಲವು ವರ್ಷ ನಿಂತೇ ಇರುತ್ತಿತ್ತು. ಅದನ್ನು ಕಂಡುಹಿಡಿದದ್ದು ಸ್ಥಳದಲ್ಲಿದ್ದ ಹಿರಿಯ ಫೋರ್‌ಮನ್. ಅಡಿಪಾಯ ಅಗೆದ ದಿನ ಮಟ್ಟ ಹಿಡಿದು ನೋಡಿ ಆಕೆಗೆ ಫೋನ್ ಮಾಡಿದ್ದ. ಆಕೆ ರಾತ್ರಿಯಿಡೀ ಕೂತು ಲೆಕ್ಕ ತಿದ್ದಿ, ಕೊಳವೆಯನ್ನು ಇಳಿಜಾರಿನಲ್ಲಿ ನಲವತ್ತು ಮೀಟರ್ ಮುಂದಕ್ಕೆ ಒಯ್ದು ಇನ್ನೊಂದು ತಗ್ಗಿನ ಗುಂಡಿಗೆ ಸೇರಿಸಿದ್ದಳು. ಕೆಲಸ ನಾಲ್ಕು ದಿನ ತಡವಾಯಿತು. ಖರ್ಚೂ ಬಿತ್ತು. ವರದಿಯಲ್ಲಿ ಆಕೆ ಇದನ್ನು 'ವಿನ್ಯಾಸದಲ್ಲಿ ಸಣ್ಣ ಬದಲಾವಣೆ ಮಾಡಲಾಯಿತು' ಎಂದು ಒಂದೇ ಸಾಲಿನಲ್ಲಿ ಬರೆದಿದ್ದಳು. ಅಕ್ಟೋಬರಿನ ಸಂದರ್ಶನದಲ್ಲಿ ಒಬ್ಬರು, ಬದಲಾವಣೆ ಏಕೆ ಬೇಕಾಯಿತು ಎಂದು ಕೇಳಿದ್ದರು. "ತಂಡದಲ್ಲಿ ಚರ್ಚಿಸಿ ನಿರ್ಧರಿಸಿದೆವು" ಎಂದಿದ್ದಳು. ಅವರು ಮುಂದೆ ಕೇಳಲಿಲ್ಲ. ಏನನ್ನೋ ಬರೆದುಕೊಂಡರು.

ಇದನ್ನೆಲ್ಲ ಆಕೆ ಈಗ ಅಪ್ಪನಿಗೆ ಹೇಳಿದಳು. "ಇದನ್ನು ಹೇಳಿದರೆ ನನ್ನನ್ನು ಯಾರು ಪಾಸು ಮಾಡ್ತಾರೆ ಅಪ್ಪಾ?" ಎಂದು ಕೇಳಿದಳು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮದೊಂದು ಕಥೆ ಹೇಳಿದರು. ಮಗಳು ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ ಕಾಲ. ಒಬ್ಬರ ಮನೆಯ ಹಿಂದಿನ ಧರೆಗೆ ಸೈಜುಗಲ್ಲಿನ ಗೋಡೆ ಕಟ್ಟುವ ಕೆಲಸ ಒಪ್ಪಿಕೊಂಡಿದ್ದರು. ಗೋಡೆಯಲ್ಲಿ ನೀರು ಬಸಿಯಲು ಕಿಂಡಿ ಬಿಡಬೇಕು. ಕಿಂಡಿ ಬಿಟ್ಟರೆ ಗೋಡೆಯ ಮೇಲೆಲ್ಲ ಕೆಮ್ಮಣ್ಣಿನ ಕಲೆ ಇಳಿಯುತ್ತದೆ, ಬೇಡ ಎಂದರು ಮನೆಯವರು. ಕೂಲಿ ಕೊಡುವವರು ಅವರು, ನಮಗೇಕೆ ಎಂದು ಮೇಸ್ತ್ರಿ ಸುಮ್ಮನಾದರು. ಎರಡನೆಯ ಮಳೆಗಾಲದ ಒಂದು ರಾತ್ರಿ ಗೋಡೆ ಕೊಟ್ಟಿಗೆಯ ಮೇಲೆ ಮಲಗಿತು. ದನಗಳನ್ನು ಅಂದು ಮುಂದಿನ ಅಂಗಳದಲ್ಲಿ ಕಟ್ಟಿದ್ದರಿಂದ ಯಾವ ಜೀವವೂ ಹೋಗಲಿಲ್ಲ.

"ಮಾರನೆಯ ದಿನ ಊರವರೆಲ್ಲ ಮಳೆಗೆ ಬಿತ್ತು ಅಂದರು. ನಾನೂ ಹಾಗೇ ಅನ್ನಬಹುದಿತ್ತು. ಅವರೇ ಕಿಂಡಿ ಬೇಡ ಅಂದಿದ್ದು ಅಂತಲೂ ಅನ್ನಬಹುದಿತ್ತು. ಆದರೆ ಗೋಡೆ ಗೊತ್ತಿದ್ದವನು ನಾನು, ಅವರಲ್ಲ. ತಪ್ಪು ನಂದು ಅಂತ ಹೇಳಿ ನನ್ನ ಖರ್ಚಲ್ಲೇ ಕಟ್ಟಿಕೊಟ್ಟೆ. ನಿನ್ನ ಅಮ್ಮನ ಬಳೆ ಆವಾಗಲೇ ಹೋಗಿದ್ದು. ಅಲ್ಲಿಂದೀಚೆಗೆ ಎಷ್ಟು ಗೋಡೆ ಕಟ್ಟಿದೆನೋ, ಎಲ್ಲದಕ್ಕೂ ಮೊದಲು ಕಿಂಡಿ ಎಲ್ಲಿ ಅಂತ ಗುರುತು ಹಾಕಿಯೇ ಕಲ್ಲು ಇಟ್ಟದ್ದು. ನನಗೆ ಕೆಲಸ ಕಡಿಮೆ ಆಗಲಿಲ್ಲ ಮಗಾ, ಜಾಸ್ತಿ ಆಯ್ತು."

ಆ ರಾತ್ರಿ ಆಕೆ ಹಾಳೆಗಳನ್ನೆಲ್ಲ ಮಡಚಿಟ್ಟು ಹೊಸದಾಗಿ ಬರೆಯಲು ಕೂತಳು. ಇಪ್ಪತ್ತನಾಲ್ಕು ಹಾಳೆಗಳು ಎಂಟಾದವು. ಪರೀಕ್ಷಕರು ವರದಿಯನ್ನು ಓದಿಯೇ ಬಂದಿರುತ್ತಾರೆ, ಅದನ್ನೇ ಮತ್ತೆ ಹೇಳುವುದು ವ್ಯರ್ಥ. ಅವರಿಗೆ ಬೇಕಾದದ್ದು ಏನು ಮಾಡಿದೆ ಎಂಬುದಕ್ಕಿಂತ ಏಕೆ ಮಾಡಿದೆ ಎಂಬುದು. ಕಾಂಕ್ರೀಟ್ ಗೋಡೆಯ ಬದಲು ತಂತಿಬಲೆಯಲ್ಲಿ ಕಲ್ಲು ತುಂಬಿದ ಗೇಬಿಯನ್ ಗೋಡೆ ಏಕೆ ಬೇಡವೆನಿಸಿತು? ಅದು ನೀರನ್ನು ತಾನೇ ಬಿಡುತ್ತದೆ, ಸಿಮೆಂಟೂ ಬೇಡ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊಗೆಯಲ್ಲಿ ಸುಮಾರು ಶೇ. 7-8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುವಾಗ ಅದು ಸಣ್ಣ ಮಾತಲ್ಲ. ಆದರೆ ಗೇಬಿಯನ್‌ಗೆ ಬುಡದಲ್ಲಿ ಹೆಚ್ಚು ಅಗಲ ಬೇಕು, ರಸ್ತೆಯಲ್ಲಿ ಅಷ್ಟು ಜಾಗವಿರಲಿಲ್ಲ. ಇಂಥ ಒಂದೊಂದು ನಿರ್ಧಾರವನ್ನೂ 'ನಾನು' ಎಂದು ಆರಂಭಿಸಿ ಬರೆದಳು. ಬೇರೆಯವರು ಮಾಡಿದ್ದನ್ನು ಅವರದೆಂದೇ ಬರೆದಳು. ಹಾಗೆ ಬೇರ್ಪಡಿಸಿದಾಗ 'ನಾನು' ಎಂಬುದು ಜಂಬದ ಮಾತಾಗಿ ಉಳಿಯಲಿಲ್ಲ, ಲೆಕ್ಕ ಒಪ್ಪಿಸುವ ಮಾತಾಯಿತು.

ಐದನೆಯ ಹಾಳೆಯಲ್ಲಿ ಕೊಳವೆಯ ತಪ್ಪು ಮಟ್ಟ ಮತ್ತು ಸರಿ ಮಟ್ಟ, ಎರಡನ್ನೂ ಒಂದೇ ಚಿತ್ರದಲ್ಲಿ ಬರೆದಳು. ಅದರ ಕೆಳಗೆ ಏನನ್ನೂ ಬರೆಯಲಿಲ್ಲ.

ಮುಂದಿನ ಮೂರು ವಾರ ತಾಲೀಮು. ದಿನವೂ ಒಂದು ಸಲ ಗಡಿಯಾರ ಇಟ್ಟುಕೊಂಡು, ಬಾಯಿಪಾಠವಿಲ್ಲದೆ, ಹಾಳೆಯ ಚಿತ್ರ ನೋಡಿಕೊಂಡೇ ಹೇಳುವುದು. ಹತ್ತೊಂಬತ್ತು ನಿಮಿಷ, ಹದಿನೇಳು, ಕೊನೆಗೆ ಹದಿನಾಲ್ಕು. ಆಫೀಸಿನ ಇಬ್ಬರು ಹಿರಿಯರ ಮುಂದೆ ಎರಡು ಸಲ. ಭಾನುವಾರಗಳಂದು ಅಪ್ಪನ ಮುಂದೆ ಕನ್ನಡದಲ್ಲಿ. ಕನ್ನಡದಲ್ಲಿ ಎಡವಿದ ಕಡೆಯೆಲ್ಲ ತನಗೇ ವಿಷಯ ಪೂರ್ತಿ ತಿಳಿದಿಲ್ಲ ಎಂಬುದು ಆಕೆಗೆ ಅರಿವಾಗುತ್ತಿತ್ತು. ಅಲ್ಲಿ ಮತ್ತೆ ಪುಸ್ತಕ ತೆರೆಯುತ್ತಿದ್ದಳು.

ಏಪ್ರಿಲ್‌ನಲ್ಲಿ ಸಂದರ್ಶನ ನಡೆಯಿತು. ಇಂಥ ಸಂದರ್ಶನಗಳು 2020ರ ನಂತರ ವಿಡಿಯೊ ಮೂಲಕವೂ ನಡೆಯತೊಡಗಿದವು. ಆಕೆಯದು ಮುಖಾಮುಖಿ. ದೊಡ್ಡ ಸಭಾಂಗಣ, ದೂರದೂರ ಹಾಕಿದ ಮೇಜುಗಳು, ಪ್ರತಿ ಮೇಜಿಗೂ ಇಬ್ಬರು ಪರೀಕ್ಷಕರು. ಆಕೆ ಎಂಟು ಹಾಳೆಗಳನ್ನು ಒಂದೊಂದಾಗಿ ತಿರುವುತ್ತ ಹೇಳಿದಳು. ಐದನೆಯ ಹಾಳೆ ಬಂದಾಗ, "ಇದು ನನ್ನ ತಪ್ಪು. ಕಂಡುಹಿಡಿದದ್ದು ಸ್ಥಳದ ಫೋರ್‌ಮನ್. ತಿದ್ದಿದ್ದು ನಾನು" ಎಂದಳು. ಧ್ವನಿ ಸ್ವಲ್ಪ ನಡುಗಿತು.

ಪ್ರಶ್ನೆಗಳ ಹೊತ್ತಿನ ಬಹುಪಾಲು ಆ ಹಾಳೆಯ ಸುತ್ತಲೇ ಕಳೆಯಿತು. ತಪ್ಪು ಹೇಗಾಯಿತು? ಹಳೆಯ ನಕ್ಷೆಯಲ್ಲಿದ್ದ ಮಟ್ಟವನ್ನು ಸ್ಥಳಕ್ಕೆ ಹೋಗಿ ಅಳೆಯದೆ ನಂಬಿದ್ದರಿಂದ. ಆಮೇಲೆ ಏನು ಬದಲಾಯಿಸಿದಿರಿ? ಕೊಳವೆ ಇರುವ ಯಾವ ನಕ್ಷೆಯೂ ಅದರ ಬಾಯಿಯ ಮಟ್ಟವನ್ನು ಅಂಕಿಯಲ್ಲಿ ಬರೆಯದೆ, ಇನ್ನೊಬ್ಬರು ಸ್ಥಳದ ಅಳತೆಯೊಂದಿಗೆ ತಾಳೆ ನೋಡದೆ ಆಫೀಸಿನಿಂದ ಹೊರಗೆ ಹೋಗುವುದಿಲ್ಲ. ತಡವಾದ ನಾಲ್ಕು ದಿನಗಳ ಖರ್ಚು ಯಾರದು? ಆಕೆ ಗೊತ್ತಿದ್ದಷ್ಟು ಹೇಳಿದಳು. ಗುತ್ತಿಗೆಯ ಕರಾರಿನ ಒಂದು ಸೂಕ್ಷ್ಮ ಗೊತ್ತಿರಲಿಲ್ಲ. ಗೊತ್ತಿಲ್ಲ, ಇಂಥವರನ್ನು ಕೇಳಿ ತಿಳಿಯುತ್ತೇನೆ ಎಂದಳು. ಅಕ್ಟೋಬರಿನಲ್ಲಿ ಆಕೆಯ ಬಾಯಿಂದ 'ಗೊತ್ತಿಲ್ಲ' ಎಂಬ ಮಾತು ಒಮ್ಮೆಯೂ ಬಂದಿರಲಿಲ್ಲ.

ಫಲಿತಾಂಶ ಬಂದ ದಿನ ಆಕೆ ಮೊದಲು ಅಮ್ಮನಿಗೆ ಹೇಳಿದಳು. ಅಮ್ಮ ದೇವರ ದೀಪ ಹಚ್ಚಲು ಒಳಗೆ ಹೋದರು. ಅಪ್ಪ ಫೋನ್ ತೆಗೆದುಕೊಂಡರು. ಸರ್ಟಿಫಿಕೇಟ್ ಬಂದ ಕೂಡಲೇ ಅದರ ಫೋಟೊ ಕಳಿಸುತ್ತೇನೆ ಎಂದಳು ಮಗಳು.

"ಅದು ಇರಲಿ. ಅಲ್ಲಿ ಮಳೆ ಬಂತಾ?"

"ಎರಡು ದಿನದಿಂದ ಒಂದೇ ಸಮ ಸುರೀತಿದೆ ಅಪ್ಪಾ."

"ಹಾಗಾದರೆ ಒಂದು ಸಲ ಹೋಗಿ ಆ ಪೈಪಿನ ಬಾಯಿ ನೋಡ್ಕೊಂಡು ಬಾ. ಅದರ ಫೋಟೊ ಕಳಿಸು."

ಶನಿವಾರ ಆಕೆ ರೈಲು ಹತ್ತಿ ಕಣಿವೆಗೆ ಹೋದಳು. ಸಂಜೆ ಊರಿನ ಜಗಲಿಯಲ್ಲಿ ಫೋನು ಸದ್ದು ಮಾಡಿತು. ಗುಂಡಿಯ ಕಬ್ಬಿಣದ ಜಾಲರಿಯ ಸಂದಿನಿಂದ ತೆಗೆದ ಚಿತ್ರ, ಅಷ್ಟೇನೂ ಸ್ಪಷ್ಟವಾಗಿರಲಿಲ್ಲ. ಕೊಳವೆಯ ಬಾಯಿಂದ ಕೈಬೆರಳಿನಷ್ಟು ದಪ್ಪದ ನೀರು ಬೀಳುತ್ತಿತ್ತು. ಅಪ್ಪ ಅದನ್ನು ಬಹಳ ಹೊತ್ತು ನೋಡಿ, ಅಮ್ಮನನ್ನು ಕರೆದು ತೋರಿಸಿದರು.

"ನೀರು ತಿಳಿಯಾಗಿದೆ ನೋಡು. ಮಣ್ಣು ಬರ್ತಾ ಇಲ್ಲ" ಎಂದರು.